ಕಡತ ಗೊತ್ತು, ಅನುಸ್ಥಾಪನೆ ಗೊತ್ತಿಲ್ಲ

ಕನ್ನಡದಲ್ಲಿ ವಿಮರ್ಶಕರು ಈವರೆಗೆ ಅಷ್ಟಾಗಿ ಓದದ ಗದ್ಯವೊಂದಿದೆ. ಅದಕ್ಕೆ ಲೇಖಕರ ಹೆಸರಿಲ್ಲ, ಮುನ್ನುಡಿಯಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಎರಡು ಪದ, ಮೂರು ಪದಗಳ ತುಂಡುಗಳಾಗಿ ಅದು ಕಾಣಿಸಿಕೊಳ್ಳುತ್ತದೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಕನ್ನಡ ಪರದೆ ಮತ್ತು ಆ ವ್ಯವಸ್ಥೆಯನ್ನು ಹೊಸಬರಿಗೆ ಕಲಿಸಲೆಂದು ಬರೆದ ಕನ್ನಡದ ಕೈಪಿಡಿಗಳು ಈ ಬಗೆಯ ಗದ್ಯಕ್ಕೆ ಒಳ್ಳೆಯ ಮಾದರಿ. ಕತೆ, ಕವಿತೆಗಳನ್ನು ಓದುವ ಗಮನದಲ್ಲೇ ಇವನ್ನೂ ಓದಿದರೆ ಏನು ಸಿಗುತ್ತದೆ? ಇಲ್ಲಿ ಯಾರು ಯಾರೊಡನೆ ಮಾತಾಡುತ್ತಿದ್ದಾರೆ?

ಈ ಪ್ರಶ್ನೆ ಕೇಳಿಕೊಳ್ಳಲು ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳು ತಕ್ಕ ಜಾಗ. ಕಂದಾಯದ ಲೆಕ್ಕದಲ್ಲಿ ತುಮಕೂರು ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಿಕ್ಷಕರಿಗೆ ತರಬೇತಿ ಕೊಡುವ ಡಯಟ್ ಕೂಡ ಮಧುಗಿರಿಯಲ್ಲಿ ಪ್ರತ್ಯೇಕವಾಗಿದೆ. ಪಾವಗಡವಂತೂ ಭೂಪಟದಲ್ಲಿ ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲ್ಲೂಕು. ಅಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಬಹಳ. ಕಂಪ್ಯೂಟರಿನ ಮೇಲಿನ ಇಂಗ್ಲಿಷ್ ಅವರಿಗೆ ಮೂರನೆಯ ಭಾಷೆ. ಹೀಗಾಗಿ 'ಕನ್ನಡಕ್ಕೆ ತಂದರೆ ಎಲ್ಲ ಸುಲಭವಾಗುತ್ತದೆ' ಎಂಬ ನಂಬಿಕೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಓದುಗರು ಸಿಗುವುದು ಕಷ್ಟ.

ರಾಜ್ಯದ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಲಿನಕ್ಸಿನ ಪರಿಚಯ ಮಾಡಿಕೊಂಡದ್ದು ಹೆಚ್ಚಾಗಿ ಸರ್ಕಾರದ ತರಬೇತಿಗಳ ಮೂಲಕ. 2010ರ ದಶಕದ ಆರಂಭದಲ್ಲಿ ಇಲಾಖೆ ಮತ್ತು ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ನಡೆಸಿದವು. 2016-17ರಲ್ಲಿ ತಂತ್ರಜ್ಞಾನಾಧಾರಿತ ಕಲಿಕೆಯ ಕಾರ್ಯಕ್ರಮ, ಶಿಕ್ಷಕರ ಬಾಯಲ್ಲಿ 'ಟ್ಯಾಲ್ಪ್', ಶುರುವಾಯಿತು. ಈ ತರಬೇತಿಗಳಲ್ಲಿ ಬಳಕೆಗೆ ಬಂದದ್ದು ಲಿನಕ್ಸಿನ ಉಬುಂಟು ಎಂಬ ರೂಪ. ಲಿನಕ್ಸಿನ ತಿರುಳು 1991ರದು. ಉಬುಂಟು 2004ರಲ್ಲಿ ಬಂತು, ಸಾಮಾನ್ಯ ಜನರಿಗೂ ಲಿನಕ್ಸ್ ಒಗ್ಗಬೇಕೆಂಬ ಉದ್ದೇಶ ಇಟ್ಟುಕೊಂಡು. ಲೈಸೆನ್ಸಿಗೆ ಹಣ ಕೊಡಬೇಕಿಲ್ಲ, ಎಷ್ಟು ಯಂತ್ರಗಳಿಗೆ ಬೇಕಾದರೂ ಹಾಕಬಹುದು, ಬೇಕಾದಂತೆ ತಿದ್ದಬಹುದು. ಸರ್ಕಾರಿ ಶಾಲೆಗೆ ಇದಕ್ಕಿಂತ ಹೊಂದುವ ಏರ್ಪಾಟು ಬೇರೆ ಕಾಣದು. ಆದರೆ ತರಬೇತಿಯಿಂದ ಮರಳಿದ ಶಿಕ್ಷಕಿಯೊಬ್ಬರು ಕೊಠಡಿಯಲ್ಲಿ ಒಬ್ಬರೇ ಯಂತ್ರದ ಮುಂದೆ ಕೂತಾಗ ನೆರವಿಗಿರುವುದು ಪರದೆಯ ಮೇಲಿನ ಮಾತು ಮತ್ತು ಪಕ್ಕದಲ್ಲಿರುವ ಕೈಪಿಡಿ, ಎರಡೇ. ಅವು ಕೈಕೊಟ್ಟರೆ ಲ್ಯಾಬಿಗೆ ಬೀಗ ಬೀಳುತ್ತದೆ. ಹತ್ತನೆಯ ತರಗತಿ ಮುಗಿಸಿ ಹೋಗುವ ಮಗು ಮೌಸ್ ಮುಟ್ಟದೆಯೇ ಹೋಗುತ್ತದೆ. ಇಲ್ಲಿ ಭಾಷೆಯ ಚರ್ಚೆ ಅಲಂಕಾರಕ್ಕಾಗಿ ಅಲ್ಲ.

ಮೊದಲು ಪದಗಳನ್ನೇ ನೋಡೋಣ. ಲಿನಕ್ಸಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಗ್ನೋಮ್ ಪರದೆಯ ಕನ್ನಡದಲ್ಲಿ ಫೈಲಿಗೆ 'ಕಡತ' ಎಂದಿದೆ. ಇದು ಒಳ್ಳೆಯ ಆಯ್ಕೆ ಎಂದು ನನ್ನ ಎಣಿಕೆ. ಹಿಂದೆ ಕಡತ ಎಂದರೆ ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಒಣಗಿಸಿ, ಮಡಿಚಿಟ್ಟ ಕಪ್ಪು ಪುಸ್ತಕ. ಶಾನುಭೋಗರು, ವರ್ತಕರು ಅದರಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಕಂಪ್ಯೂಟರಿನ ಫೈಲಿನ ಗುಣವೂ ಅದೇ. ಆ ಬಟ್ಟೆಯ ಕಡತ ಮರೆಯಾದರೂ ಪದ ತಾಲ್ಲೂಕು ಕಚೇರಿಯಲ್ಲಿ ಬದುಕಿದೆ. ಮಧುಗಿರಿಯ ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅಲೆದವರಿಗೆ ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗಿದೆ ಎಂಬುದು ಗೊತ್ತು. ಅನುಭವದಲ್ಲಿ ಬೇರು ಇರುವ ಪದ ಹೊಸ ಜಾಗದಲ್ಲೂ ಚಿಗುರುತ್ತದೆ.

ಅದೇ ಪರದೆಯ 'ಕಡತಕೋಶ', 'ಗಣಕತೆರೆ', 'ಗುಪ್ತಪದ', 'ಅನುಸ್ಥಾಪಿಸು' ಬೇರೆ ಜಾತಿಯವು. ಇವು ತಪ್ಪಲ್ಲ, ವ್ಯಾಕರಣ ಸರಿಯಾಗಿದೆ, ಅರ್ಥ ಬಿಡಿಸಲೂಬಹುದು. ಆದರೆ ಯಾರ ಬಾಯಲ್ಲೂ ಇವು ಇರಲಿಲ್ಲ. 'ಅನುಸ್ಥಾಪಿಸು' ಎಂಬುದನ್ನೇ ತೆಗೆದುಕೊಳ್ಳಿ. ಶಿರಾ, ಕೊರಟಗೆರೆಯ ಕಡೆ ಗಣೇಶನನ್ನು ಕೂರಿಸುತ್ತಾರೆ, ಕೊಳವೆಬಾವಿಗೆ ಮೋಟಾರು ಇಳಿಸುತ್ತಾರೆ, ಮೊಬೈಲಿಗೆ ಆ್ಯಪ್ ಹಾಕಿಸಿಕೊಳ್ಳುತ್ತಾರೆ. 'ಇದೊಂದು ಆ್ಯಪ್ ಹಾಕ್ಕೊಡಪ್ಪ' ಎಂದು ಅಂಗಡಿಯ ಹುಡುಗನಿಗೆ ಹೇಳುವ ಅಜ್ಜಿ ಆ ಕ್ರಿಯೆಗೆ ಕನ್ನಡ ಪದವನ್ನು ಆಗಲೇ ಕೊಟ್ಟಿದ್ದಾಳೆ: ಹಾಕು. ಅದರ ವಿರುದ್ಧ ತೆಗೆ. ಇಂಥ ಚಿಕ್ಕ ಕ್ರಿಯಾಪದಗಳಿಗೆ ಪರದೆಯಲ್ಲಿ ಜಾಗ ಸಿಗದಿರುವುದಕ್ಕೆ ಕಾರಣ ಒಂದೇ. ತಾಂತ್ರಿಕ ವಿಷಯಕ್ಕೆ ಘನತೆ ಬೇಕು, ಘನತೆಗೆ ಸಂಸ್ಕೃತ ಬೇಕು ಎಂಬ ಹಳೆಯ ಅಭ್ಯಾಸ.

ಇನ್ನೊಂದು ಮೋಜಿನ ಉದಾಹರಣೆ 'ಸಂಪಾದನೆ'. ಎಡಿಟ್ ಎಂಬುದಕ್ಕೆ ಲಿನಕ್ಸಿನ ಪರದೆಯಲ್ಲೂ ಕನ್ನಡ ವಿಕಿಪೀಡಿಯದಲ್ಲೂ ಇದೇ ಧಾತು. ಪತ್ರಿಕೆಯ ಸಂಪಾದಕರಿಗೆ ಇದು ಸಹಜ. ಹಳ್ಳಿಯಲ್ಲಿ ಮಾತ್ರ ಸಂಪಾದನೆ ಎಂದರೆ ದುಡಿಮೆಯ ಹಣ. ಇದರ ಪಕ್ಕದಲ್ಲೇ 'ತಿದ್ದು' ಎಂಬ ಪದ ಇದೆ. ಮರಳಿನ ಮೇಲೆ, ಸ್ಲೇಟಿನ ಮೇಲೆ ಅಕ್ಷರ ತಿದ್ದಿಯೇ ನಾವೆಲ್ಲ ಬರಹಕ್ಕೆ ಬಂದದ್ದು. ಶಾಲೆಯ ಮಗುವಿಗೆ ಅದಕ್ಕಿಂತ ಹತ್ತಿರದ ಕ್ರಿಯೆ ಯಾವುದು?

ಹಾಗೆಂದು ಎಲ್ಲವನ್ನೂ ಅಚ್ಚಗನ್ನಡ ಮಾಡಬೇಕೆಂಬ ವಾದ ನನ್ನದಲ್ಲ. ಪಾಸ್‌ವರ್ಡ್, ಫೋಲ್ಡರ್, ಡೌನ್‌ಲೋಡ್, ಸೇವ್ ಇವೆಲ್ಲ ಮೊಬೈಲಿನ ದಾರಿ ಹಿಡಿದು ಹಳ್ಳಿ ತಲುಪಿಯಾಗಿದೆ. ಪಾವಗಡದ ತೆಲುಗು ಮನೆಯ ಮಗುವಿಗೂ ಶಿರಾದ ಉರ್ದು ಮನೆಯ ಮಗುವಿಗೂ 'ಪಾಸ್‌ವರ್ಡ್' ಸಮಾನವಾಗಿ ಗೊತ್ತು. 'ಗುಪ್ತಪದ' ಸಮಾನವಾಗಿ ಗೊತ್ತಿಲ್ಲ. ಪದ ಎಲ್ಲಿಂದ ಬಂತು ಎನ್ನುವುದಕ್ಕಿಂತ ಓದುಗರ ಬಾಯಿಗೆ ಅದು ಮೊದಲೇ ಬಂದಿದೆಯೇ ಎನ್ನುವುದು ಮುಖ್ಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಕಡತವೂ ಪಾಸ್‌ವರ್ಡೂ ಗೆಲ್ಲುತ್ತವೆ, ಗುಪ್ತಪದವೂ ಅನುಸ್ಥಾಪಿಸುವೂ ಸೋಲುತ್ತವೆ.

ಪದಗಳ ಚರ್ಚೆಯಲ್ಲೇ ನಿಂತುಬಿಡುವುದು ನಮ್ಮ ಪಾರಿಭಾಷಿಕ ಜಗಳಗಳ ಹಳೆಯ ರೋಗ. ವಾಕ್ಯಕ್ಕೆ ಬಂದರೆ ಇನ್ನೂ ದೊಡ್ಡ ತೊಡಕು ಕಾಣುತ್ತದೆ. ಈ ಅನುವಾದ ನಡೆಯುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಅನುವಾದಕರಿಗೆ ಸಿಗುವುದು ಪರದೆಯಲ್ಲ, ಒಂದು ಪಟ್ಟಿ. ಇಂಗ್ಲಿಷಿನ ಒಂದು ಸಾಲು, ಕೆಳಗೆ ಕನ್ನಡಕ್ಕೆ ಖಾಲಿ ಬಿಟ್ಟ ಒಂದು ಸಾಲು. ಹೀಗೆ ಸಾವಿರಾರು. 'ಓಪನ್' ಎಂಬುದು ತೆರೆಯಿರಿ ಎಂಬ ಆಜ್ಞೆಯೋ, ತೆರೆದಿದೆ ಎಂಬ ಸ್ಥಿತಿಯೋ ಎಂದು ಪಟ್ಟಿ ನೋಡಿದವರಿಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ. 'ಫ್ರೀ' ಎಂಬುದು ಡಿಸ್ಕಿನಲ್ಲಿ ಖಾಲಿ ಇರುವ ಜಾಗವೋ, ಪುಕ್ಕಟೆಯೋ, ಸ್ವಾತಂತ್ರ್ಯವೋ? ಇಂಗ್ಲಿಷಿನಲ್ಲಿ ಒಂದೇ ಪದ, ಕನ್ನಡದಲ್ಲಿ ಮೂರು. ರೆಡ್ ಹ್ಯಾಟ್ ಕಂಪನಿಯ ಕನ್ನಡ ಅನುವಾದಕರೂ ಹತ್ತಾರು ಸ್ವಯಂಸೇವಕರೂ ವರ್ಷಗಟ್ಟಲೆ ಈ ಪಟ್ಟಿಗಳನ್ನು ತುಂಬಿದರು. ಅವರ ದುಡಿಮೆ ಇಲ್ಲದಿದ್ದರೆ ಟೀಕಿಸಲು ಕನ್ನಡ ಪರದೆಯೇ ಇರುತ್ತಿರಲಿಲ್ಲ. ದೋಷ ಇರುವುದು ಪಟ್ಟಿಯೆಂಬ ಪದ್ಧತಿಯಲ್ಲಿ.

ಪಟ್ಟಿ ಕನ್ನಡದ ವಿಭಕ್ತಿಯನ್ನು ಅರಿಯದು. ಇಂಗ್ಲಿಷಿನಲ್ಲಿ 'ಇಂಥದ್ದನ್ನು ತೆರೆಯಲಾಗಲಿಲ್ಲ' ಎಂಬ ಸಂದೇಶದಲ್ಲಿ ಕಡತದ ಹೆಸರಿಗೆ ಒಂದು ಗುಂಡಿ ತೋಡಿಟ್ಟಿರುತ್ತಾರೆ. ಯಂತ್ರ ಆಮೇಲೆ ಅಲ್ಲಿ ಹೆಸರು ಇಳಿಸುತ್ತದೆ. ಕನ್ನಡದಲ್ಲಿ ಪ್ರತ್ಯಯ ಹೆಸರಿಗೆ ಅಂಟಬೇಕು. ಯಂತ್ರಕ್ಕೆ ಸಂಧಿ ಬಾರದು. ಹಾಗಾಗಿ 'ಹಾಜರಿ ಪುಸ್ತಕ ಅನ್ನು ತೆರೆಯಲಾಗಲಿಲ್ಲ' ಎಂಬ, ಕೈಕಾಲು ಬೇರೆಬೇರೆಯಾದ ವಾಕ್ಯ ಹುಟ್ಟುತ್ತದೆ. ಪರಿಹಾರ ಕಷ್ಟವೇನಲ್ಲ. 'ಈ ಕಡತ ತೆರೆಯಲಿಲ್ಲ: ಹಾಜರಿ ಪುಸ್ತಕ' ಎಂದು ವಾಕ್ಯವನ್ನೇ ತಿರುಗಿಸಿದರೆ ವಿಭಕ್ತಿಯ ತಂಟೆ ಇಲ್ಲ. ಬಹುವಚನವೂ ಹಾಗೆಯೇ. ಸಂತೆಯಲ್ಲಿ ಯಾರೂ 'ಹತ್ತು ಮೂಟೆಗಳು, ಐದು ಕುರಿಗಳು' ಎನ್ನುವುದಿಲ್ಲ. ಹತ್ತು ಮೂಟೆ, ಐದು ಕುರಿ. 'ಐದು ಕಡತ' ಎಂದು ಬರೆದರೆ ಕನ್ನಡಕ್ಕೆ ಏನೂ ಕುಂದಿಲ್ಲ. ಇಂಗ್ಲಿಷನ್ನು ಹಿಂಬಾಲಿಸಿ 'ಗಳು' ಅಂಟಿಸಲು ಹೋದಾಗಲೇ '1 ಕಡತಗಳು' ಎಂಬ ಹಾಸ್ಯ ಹುಟ್ಟುವುದು.

ಒಂದು ವಿಷಯದಲ್ಲಿ ಮಾತ್ರ ಈ ಅನುವಾದಕರು ಸೂಕ್ಷ್ಮವಾಗಿ ಯೋಚಿಸಿದ್ದಾರೆ. ಗುಂಡಿಗಳ ಮೇಲೆ 'ಉಳಿಸು', 'ಮುಚ್ಚು', 'ಅಳಿಸು' ಎಂಬ ಏಕವಚನ. ಮಾಹಿತಿ ಕೇಳುವ ಸಂದೇಶದಲ್ಲಿ 'ನಮೂದಿಸಿ', 'ಆರಿಸಿ' ಎಂಬ ಬಹುವಚನ. ಗುಂಡಿ ಮನುಷ್ಯರು ಯಂತ್ರಕ್ಕೆ ಕೊಡುವ ಆಜ್ಞೆ. ಅಲ್ಲಿ ಏಕವಚನ ಸಾಕು. ಸಂದೇಶ ಯಂತ್ರ ಮನುಷ್ಯರಿಗೆ ಮಾಡುವ ವಿನಂತಿ. ಅಲ್ಲಿ ಮರ್ಯಾದೆ ಬೇಕು. ಇಂಗ್ಲಿಷಿನಲ್ಲಿ ಈ ಭೇದ ಮಾಡಲು ಸಾಧ್ಯವೇ ಇಲ್ಲ. ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂಬ ನಮ್ಮ ಮೊದಲ ಪ್ರಶ್ನೆಗೆ ಕನ್ನಡದ ಕ್ರಿಯಾಪದ ತಾನಾಗಿಯೇ ಉತ್ತರ ಕೊಟ್ಟಿದೆ.

ಆ ಮರ್ಯಾದೆ ತಪ್ಪು ಸಂದೇಶಗಳಲ್ಲಿ ಕರಗಿಹೋಗುತ್ತದೆ. 'ದೃಢೀಕರಣ ವಿಫಲಗೊಂಡಿದೆ' ಎಂಬ ಧಾಟಿಯ ಮಾತಿನಲ್ಲಿ ಮನುಷ್ಯರೇ ಇಲ್ಲ. ಏನೋ ದೊಡ್ಡ ಅನಾಹುತ ಆದಂತೆ ಕೇಳಿಸುತ್ತದೆ. 'ಪಾಸ್‌ವರ್ಡ್ ಸರಿಯಿಲ್ಲ, ಇನ್ನೊಮ್ಮೆ ಬರೆಯಿರಿ' ಎಂದರೆ ಹೊಸಬರ ಎದೆ ಹೊಡೆದುಕೊಳ್ಳುವುದಿಲ್ಲ. ತಪ್ಪಾದ ಗಳಿಗೆಯಲ್ಲಿ ಭಾಷೆ ಹೇಗಿರುತ್ತದೆ ಎನ್ನುವುದರ ಮೇಲೆ ಕಲಿಯುವವರು ಉಳಿಯುತ್ತಾರೋ ಎದ್ದು ಹೋಗುತ್ತಾರೋ ಎಂಬುದು ನಿಂತಿದೆ. ಒಳ್ಳೆಯ ಮೇಷ್ಟರಿಗೆ ಇದು ಗೊತ್ತು. ಯಂತ್ರಕ್ಕೆ ನಾವು ಹೇಳಿಕೊಡಬೇಕು.

ಪರದೆ ಬಿಟ್ಟು ಕೈಪಿಡಿಗಳಿಗೆ ಬಂದರೆ ಕನ್ನಡದಲ್ಲಿ ಎರಡು ಸಾಲು ಕಾಣುತ್ತವೆ. ಹೆಚ್ಚಿನವು ಯಂತ್ರದ ಕಡೆಯಿಂದ ಬರೆದವು. ಆಪರೇಟಿಂಗ್ ಸಿಸ್ಟಮ್ ಎಂದರೇನು ಎಂಬ ವ್ಯಾಖ್ಯೆ, ಅದರ ಇತಿಹಾಸ, ವಿಧಗಳು, ಆಮೇಲೆ ಎಡದಿಂದ ಬಲಕ್ಕೆ ಮೆನುಗಳ ವಿವರಣೆ. ಇದು ಊರಿಗೆ ಬಂದ ನೆಂಟರಿಗೆ ಗ್ರಾಮ ಪಂಚಾಯಿತಿಯ ದಾಖಲೆ ಓದಿ ಹೇಳಿದಂತೆ. ಅವರಿಗೆ ಬೇಕಿರುವುದು ನೀರು ಎಲ್ಲಿದೆ ಎಂಬುದು.

ಕೊರಟಗೆರೆಯ ಶಾಲೆಯೊಂದರ ಶಿಕ್ಷಕರಿಗೆ ಉಬುಂಟುವಿನಲ್ಲಿ ಎದುರಾಗಬಹುದಾದ ಮೊದಲ ಕೆಲಸವನ್ನು ಊಹಿಸಿಕೊಳ್ಳಿ. ಹೋದ ವರ್ಷದ ಪ್ರಶ್ನೆಪತ್ರಿಕೆ ನುಡಿಯಲ್ಲಿ ಟೈಪಾಗಿದೆ. ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸಿಗೆಂದು ಮಾಡಿದ ತಂತ್ರಾಂಶ. ಅದರ ಹಳೆಯ ಕಡತಗಳು ಯೂನಿಕೋಡಿನಲ್ಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಅಕ್ಷರಶೈಲಿ ಅದು. ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂಚಲು. ಶಿಕ್ಷಕರು ಸಹಜವಾಗಿಯೇ 'ಲಿನಕ್ಸಿನಲ್ಲಿ ಕನ್ನಡ ಬರಲ್ಲ' ಎಂದು ತೀರ್ಮಾನಿಸುತ್ತಾರೆ. ನಿಜ ಸ್ಥಿತಿ ಬೇರೆ. ಯೂನಿಕೋಡ್ ಕನ್ನಡ ಉಬುಂಟುವಿನಲ್ಲಿ ಚೆನ್ನಾಗಿ ಮೂಡುತ್ತದೆ. ಕೆ.ಪಿ. ರಾವ್ ಅವರ ಚಿಂತನೆಯಿಂದ ಬೆಳೆದ, ನುಡಿಯವರ ಕೈಬೆರಳಿಗೆ ಅಭ್ಯಾಸವಾದ ಕಗಪ ಕೀಲಿಮಣೆ ಲಿನಕ್ಸಿನ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರಿನಲ್ಲೇ ಇದೆ, ಆರಿಸಿಕೊಂಡರೆ ಮುಗಿಯಿತು. ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಇವೆ. ಈ ಮೂರು ಸಾಲು ಕೈಪಿಡಿಯ ಮೊದಲ ಪುಟದಲ್ಲಿರಬೇಕಿತ್ತು.

ಎರಡನೆಯ ಕೆಲಸ ಮುದ್ರಣ. ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಬೇಕು. ಅಲ್ಲಿ ಇರುವುದು ಸಾಮಾನ್ಯವಾಗಿ ವಿಂಡೋಸ್. ಲಿಬ್ರೆಆಫೀಸಿನ ಕಡತ ಅಲ್ಲಿ ಚೆದುರಬಹುದು. ಪಿಡಿಎಫ್ ಮಾಡಿಕೊಂಡು ಹೋದರೆ ಅಕ್ಷರಶೈಲಿಯೂ ಜೊತೆಗೇ ಹೋಗುತ್ತದೆ, ಪುಟ ಕದಲುವುದಿಲ್ಲ. ಮೂರನೆಯದು ಪೆನ್‌ಡ್ರೈವೇ. ನಕಲು ಮುಗಿದಂತೆ ಕಂಡರೂ ಯಂತ್ರ ಒಳಗೊಳಗೆ ಇನ್ನೂ ಬರೆಯುತ್ತಿರಬಹುದು. 'ಇಜೆಕ್ಟ್' ಒತ್ತದೆ ಕಿತ್ತರೆ ಅಂಗಡಿಯಲ್ಲಿ ಖಾಲಿ ಕಡತ ತೆರೆದುಕೊಳ್ಳುತ್ತದೆ. ನಾಲ್ಕನೆಯದು ಟರ್ಮಿನಲ್ಲಿನ ಪಾಸ್‌ವರ್ಡ್. ಅಲ್ಲಿ ಒತ್ತಿದ ಅಕ್ಷರಕ್ಕೆ ಚುಕ್ಕಿಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿದೆ ಎಂದು ಹೊಸಬರು ಕೈಬಿಡುತ್ತಾರೆ. 'ಏನೂ ಕಾಣಿಸುವುದಿಲ್ಲ, ಗಾಬರಿ ಬೇಡ, ಬರೆದು ಎಂಟರ್ ಒತ್ತಿ' ಎಂಬ ಒಂದು ವಾಕ್ಯ ಅಧ್ಯಾಯವೊಂದಕ್ಕಿಂತ ಹೆಚ್ಚು ಉಪಕಾರಿ. ಬಲ್ಲವರಿಗೆ ಇವು ಬರೆಯಲು ಯೋಗ್ಯವೆನ್ನಿಸದಷ್ಟು ಚಿಕ್ಕವು. ಹೊಸಬರು ಮುಗ್ಗರಿಸುವುದು ಮಾತ್ರ ಇಂಥ ಚಿಕ್ಕ ಕಲ್ಲುಗಳಿಗೇ.

ಎರಡನೆಯ ಸಾಲಿನ, ಮನುಷ್ಯರ ಕಡೆಗೆ ಮುಖ ಮಾಡಿದ ಬರಹವೂ ಕನ್ನಡದಲ್ಲಿದೆ. ಓಂಶಿವಪ್ರಕಾಶ್ ಅವರ 'ಲಿನಕ್ಸಾಯಣ' ಸಂಪದ ತಾಣದಲ್ಲಿ ಕಂತುಕಂತಾಗಿ ಬಂತು. ಹೆಸರಿನಲ್ಲೇ ಇದು ಯಾರೋ ಯಾರಿಗೋ ಹೇಳುವ ಕತೆ ಎಂಬ ಸೂಚನೆಯಿದೆ. ಒಂದು ಕಂತಿಗೆ ಒಂದು ವಿಷಯ ಎಂಬ ಅಳತೆ ಹೊಸಬರ ಉಸಿರಿಗೆ ಒಪ್ಪುವಂಥದ್ದು. ಆದರೆ ಅದು ಅಂತರಜಾಲಕ್ಕೆ ಆಗಲೇ ಬಂದವರನ್ನು ಉದ್ದೇಶಿಸಿದ ಬರಹ. ಲ್ಯಾಬಿನ ಶಿಕ್ಷಕರಿಗಾಗಿ ಹುಟ್ಟಿದ್ದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ, ಕೋಯರ್. ಅದರ 'ಉಬುಂಟು ಕಲಿಯಿರಿ'ಯಂಥ ಪುಟಗಳಲ್ಲಿ ಕನ್ನಡ ವಾಕ್ಯದೊಳಗೆ ಮೆನುಗಳ ಇಂಗ್ಲಿಷ್ ಹೆಸರನ್ನು ಹಾಗೆಯೇ ಇಟ್ಟು, ಪರದೆಯ ಚಿತ್ರ ಕೊಡುವ ಪದ್ಧತಿ ಇದೆ. ಶುದ್ಧ ಭಾಷೆಯವರಿಗೆ ಇದು ಇರಿಸುಮುರಿಸು. ನನಗೆ ಇದು ಪ್ರಾಮಾಣಿಕ ಗದ್ಯ. ಲ್ಯಾಬಿನ ಪರದೆ ಇಂಗ್ಲಿಷಿನಲ್ಲಿದ್ದಾಗ ಪುಸ್ತಕ ಕನ್ನಡದ ಮೆನು ಹೇಳಿದರೆ ಓದುವವರು ಎರಡು ಸಲ ಅನುವಾದ ಮಾಡಿಕೊಳ್ಳಬೇಕು. ಅದರ ಕೊರತೆ ಬೇರೆಡೆ ಇದೆ: ಪರಿಚಯ, ಆವೃತ್ತಿ, ಅನುಸ್ಥಾಪನೆಯಂಥ ತಲೆಬರಹಗಳ ಮೆಟ್ಟಿಲು ಹತ್ತಿದ ಮೇಲೆಯೇ ಬಳಕೆಯ ಬಾಗಿಲು. ಜೊತೆಗೆ ಆವೃತ್ತಿ ಬದಲಾದಂತೆ ಚಿತ್ರಗಳು ಹಳತಾಗುತ್ತವೆ. ಉಬುಂಟು 16.04ರ ಯೂನಿಟಿ ಪರದೆ 18.04ರ ಹೊತ್ತಿಗೆ ಹೋಗಿ ಗ್ನೋಮ್ ಬಂತು. ಪುಸ್ತಕದ ಚಿತ್ರವೂ ಎದುರಿನ ಪರದೆಯೂ ಹೊಂದದಿದ್ದರೆ ಹೊಸಬರು ತಪ್ಪು ತಮ್ಮದೇ ಎಂದುಕೊಳ್ಳುತ್ತಾರೆ.

ಈ ಹೊಂದಾಣಿಕೆಯ ವಿಷಯದಲ್ಲಿ ಹೋಲಿಸಿ ನೋಡಲು ಕನ್ನಡದ್ದೇ ಇನ್ನೊಂದು ನೆಲವಿದೆ: ಕಾಸರಗೋಡು. ಕೇರಳ 2000ದ ದಶಕದಲ್ಲೇ ತನ್ನ ಶಾಲೆಗಳನ್ನು ಲಿನಕ್ಸಿಗೆ ಒಗ್ಗಿಸಿತು. ಈಗ ಆ ಕೆಲಸ ನೋಡುವ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ಆವೃತ್ತಿ ಸಿದ್ಧಪಡಿಸಿ ಕೊಡುತ್ತದೆ. ಪಠ್ಯಪುಸ್ತಕವನ್ನು ಆ ಯಂತ್ರವನ್ನೇ ಎದುರಿಟ್ಟುಕೊಂಡು ಬರೆಯುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪುಸ್ತಕ ಕನ್ನಡದಲ್ಲೂ ಬರುತ್ತದೆ. ರಾಜ್ಯದ ಮುಖ್ಯ ಭಾಷೆ ಅಲ್ಲದ ಕನ್ನಡಕ್ಕೆ ಅಲ್ಲಿ ಯಂತ್ರವೂ ಪುಸ್ತಕವೂ ಜೋಡಿಯಾಗಿ ಸಿಗುತ್ತವೆ ಎಂಬುದು ನಾವು ಗಮನಿಸಬೇಕಾದ ಮಾತು. ಅಲ್ಲಿನ ಗೆಲುವಿಗೆ ಪದಗಳ ಚೆಲುವು ಕಾರಣವಲ್ಲ. ಯಂತ್ರ ಮಾಡುವವರೂ ಪುಸ್ತಕ ಬರೆಯುವವರೂ ತರಬೇತಿ ಕೊಡುವವರೂ ಒಂದೇ ಮನೆಯಲ್ಲಿರುವುದು ಕಾರಣ.

ನಮ್ಮಲ್ಲಿ ಮಾದರಿಗಳಿಗೆ ಬರವಿಲ್ಲ. ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತಜ್ಞರು ಉಪದೇಶಿಸುವ ಬದಲು, ಮಾಡಿ ನೋಡಿದವರು ಬರೆದರು. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ 'ಇಗೋ ಕನ್ನಡ'ದಲ್ಲಿ ವ್ಯಾಕರಣವನ್ನು ಮೊದಲಿಂದ ಕೊನೆಯವರೆಗೆ ಪಾಠ ಮಾಡಲಿಲ್ಲ. ಓದುಗರು ಕೇಳಿದ ಪ್ರಶ್ನೆಗೆ, ಕೇಳಿದಷ್ಟಕ್ಕೆ, ಗೌರವದಿಂದ ಉತ್ತರಿಸಿದರು. ಅದರಿಂದಲೇ ಜನ ನಿಘಂಟಿನ ಹತ್ತಿರ ಬಂದರು. ಲಿನಕ್ಸಿನ ಕನ್ನಡ ಕೈಪಿಡಿ ಈ ಎರಡರಿಂದ ಕಲಿಯಬಹುದು: ಬರೆಯುವವರು ಮೊನ್ನೆಮೊನ್ನೆ ಕಲಿತ ಶಿಕ್ಷಕರಾಗಿರಲಿ, ಅಧ್ಯಾಯದ ತಲೆಬರಹ ಓದುಗರ ಪ್ರಶ್ನೆಯಾಗಿರಲಿ. 'ನುಡಿಯ ಹಳೇ ಫೈಲು ತೆರೆಯೋದು ಹೇಗೆ?' 'ಪ್ರಿಂಟಿಗೆ ಕೊಡೋದು ಹೇಗೆ?' 'ಏನೋ ಒತ್ತಿಬಿಟ್ಟೆ, ವಾಪಸ್ ಬರೋದು ಹೇಗೆ?'

ಸ್ವತಂತ್ರ ತಂತ್ರಾಂಶದ ಸ್ವಾತಂತ್ರ್ಯ ಎಂದರೆ ಪುಕ್ಕಟೆ ಸಿಗುವುದು ಎಂದಷ್ಟೇ ನಮ್ಮಲ್ಲಿ ಪ್ರಚಾರವಾಗಿದೆ. ಭಾಷೆಯ ಮಟ್ಟಿಗೆ ಅದರ ಅರ್ಥ ಇನ್ನೂ ದೊಡ್ಡದು. ಮಾರುವ ಕಂಪನಿಯ ಪರದೆಯಲ್ಲಿ ತಪ್ಪು ಪದ ಕಂಡರೆ ಅವರಿಗೆ ಬರೆದು ಕಾಯಬೇಕು. ಲಿನಕ್ಸಿನ ಪಟ್ಟಿ ಎಲ್ಲರಿಗೂ ತೆರೆದಿದೆ. 'ಅನುಸ್ಥಾಪಿಸು' ಇದ್ದಲ್ಲಿ 'ಹಾಕು' ಎಂದು ಸೂಚಿಸಲು ಪ್ರೋಗ್ರಾಮಿಂಗ್ ಬರಬೇಕಿಲ್ಲ, ಕನ್ನಡ ಬಂದರೆ ಸಾಕು. ಸೂಚನೆಯನ್ನು ಅನುವಾದಕರ ತಂಡ ಒಪ್ಪಬೇಕು, ಚರ್ಚೆ ನಡೆಯಬೇಕು, ಅದು ಬೇರೆ. ಕೋಯರ್ ವಿಕಿಯಾದ್ದರಿಂದ ಶಿಕ್ಷಕರೇ ಅದನ್ನು ಬೆಳೆಸಲು ಸಾಧ್ಯ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ತರಬೇತಿಯಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆ ಬಿಟ್ಟು, ಪರದೆಯ ಯಾವ ಪದ ತಮ್ಮ ಮಕ್ಕಳಿಗೆ ಅರ್ಥವಾಗಲಿಲ್ಲ, ಅದನ್ನು ಅವರು ಏನೆಂದು ಕರೆದರು ಎಂದು ನಾಲ್ಕು ತಾಲ್ಲೂಕಿನ ಶಿಕ್ಷಕರು ಬರೆದಿಟ್ಟರೆ ಸಾಕು. ಅನುವಾದಕರಿಗೆ ಈವರೆಗೆ ಸಿಗದಿದ್ದ ಪಟ್ಟಿ ಅದು.